ಹಳೆ ಟಿವಿ ಬಿಸಾಡಬೇಡಿ

ಮಾನ್ಯ ಸಂಪಾದಕರೇ,

ಹಳ್ಳಿಗಳಲ್ಲೂ ಅನಲಾಗ್ ಕೇಬಲ್, ಅಂದರೆ ಸೆಟ್‌ಟಾಪ್ ಬಾಕ್ಸ್ ಇಲ್ಲದೆ ನೇರ ಟಿವಿಗೆ ಬರುತ್ತಿದ್ದ ಹಳೆ ಕೇಬಲ್, ನಿಲ್ಲಿಸಲು 2017ರ ಮಾರ್ಚ್ 31ರ ಗಡುವು ಇತ್ತು. ಬೆಂಗಳೂರು, ಮೈಸೂರಿಗೆ 2013ರಲ್ಲೇ ಈ ಗಡುವು ಬಂದಿತ್ತು. ನಮ್ಮೂರಲ್ಲಿ ಆಗ ಗಾಬರಿ ಜಾಸ್ತಿಯಾಗಿತ್ತು. 'ಡಬ್ಬಾ ಟಿವಿಯಲ್ಲಿ ಇನ್ನು ಏನೂ ಬರಲ್ಲ' ಎಂಬ ಮಾತು ನಂಬಿ ಪಕ್ಕದ ಮನೆಯ ಅಜ್ಜಿ ಸಾಲ ಮಾಡಿ ಹೊಸ ಟಿವಿ ತಂದರು. ನೋಡಿ ಸಂಕಟವಾಯಿತು. ನಮ್ಮ ಹಳೆ ಟಿವಿಯ ಹಿಂದೆ ಹಳದಿ, ಬಿಳಿ ತೂತುಗಳಿವೆ. ಸೆಟ್‌ಟಾಪ್ ಬಾಕ್ಸಿನ ಅದೇ ಬಣ್ಣದ ವೈರು ಚುಚ್ಚಿ, ರಿಮೋಟಿನಲ್ಲಿ ಎವಿ ಒತ್ತಿದೆವು. ಚಂದನ ಸ್ಪಷ್ಟವಾಗಿ ಬಂತು. ಎರಡು ಟಿವಿ ಇದ್ದರೆ ಎರಡು ಬಾಕ್ಸ್ ಬೇಕು, ಅಷ್ಟೇ. ರಸೀದಿ ಮಾತ್ರ ಕೇಳಿ ಪಡೆಯಿರಿ. ತಿಂಗಳ ಬಾಡಿಗೆ ಕಷ್ಟ ಎನ್ನುವವರಿಗೆ ದೂರದರ್ಶನದ ಫ್ರೀ ಡಿಶ್ ಇದೆ. ಡಿಶ್, ಬಾಕ್ಸಿಗೆ ಒಮ್ಮೆ ಖರ್ಚು ಮಾಡಿದರೆ ಸಾಕು. ಇದನ್ನೆಲ್ಲ ಪಂಚಾಯಿತಿ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಬಾರದೇ?

ಒಬ್ಬ ಓದುಗ, ತುಮಕೂರು ಜಿಲ್ಲೆ