ಹೊಸ ಬೋರ್ಡ್ ಆಟಗಳ ಖರೀದಿಯ ಕುರಿತು

ಬದಿಯಡ್ಕದ ನಮ್ಮ ಭಾನುವಾರದ ಕೂಟದ ಸದಸ್ಯರ ಗಮನಕ್ಕೆ.

ಎಲ್ಲರೂ ಸೇರಿ ಹಾಕಿದ ಹಣದಲ್ಲಿ ಈ ಸಲ ಎರಡು ಆಟಗಳನ್ನಷ್ಟೇ ಕೊಳ್ಳಬಹುದಾದ್ದರಿಂದ, ಮೊದಲನೆಯದಾಗಿ 2000ರಲ್ಲಿ ಬಂದ ‘ಕಾರ್ಕಸೋನ್’ ಆಟವನ್ನು ಸೂಚಿಸುತ್ತೇನೆ. 72 ಚೌಕಾಕಾರದ ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿ, ರಸ್ತೆಗೆ ರಸ್ತೆ, ಕೋಟೆಗೆ ಕೋಟೆ ಕೂಡುವಂತೆ ಜೋಡಿಸುತ್ತ ಹೋಗುವ ಈ ಆಟದಲ್ಲಿ ಪ್ರತಿಯೊಬ್ಬರಿಗೂ ಇಳಿಸಲು ಏಳೇ ಮರದ ಆಳುಗಳಿರುತ್ತವೆ. ಹೊಲದಲ್ಲಿ ಮಲಗಿಸಿದ ಆಳು ಆಟ ಮುಗಿಯುವವರೆಗೆ ಕೈಗೆ ಮರಳುವುದಿಲ್ಲವೆಂಬುದನ್ನು ಮರೆತವರು ಕೊನೆಯಲ್ಲಿ ಸುಮ್ಮನೆ ನೋಡುತ್ತ ಕೂರಬೇಕಾಗುತ್ತದೆ. ಚೆನ್ನೆಮಣೆಯ ಕಾಯಿ ಎಣಿಸಿ ಬೆಳೆದ ನಮಗೆ ಇಂಥ ಲೆಕ್ಕಾಚಾರ ಹೊಸದೇನಲ್ಲ.

ಎರಡನೆಯದು ‘ಟಿಕೆಟ್ ಟು ರೈಡ್’. ಬಣ್ಣದ ಎಲೆಗಳನ್ನು (ಕಾರ್ಡುಗಳನ್ನು) ಕೂಡಿಟ್ಟು ಊರಿಂದೂರಿಗೆ ರೈಲುದಾರಿ ಹಿಡಿಯಬೇಕು. ಹೆಚ್ಚು ಕಾದರೆ ಬೇರೊಬ್ಬರು ಅದನ್ನು ಕಸಿದುಕೊಳ್ಳುತ್ತಾರೆ. ಇವೆರಡನ್ನೂ ಐವರು ಆಡಬಹುದು. ‘ಕಟಾನ್’ ಆಟ ನನಗೆ ಇಷ್ಟವೇ ಆದರೂ ಅದರ ಮೂಲ ಪೆಟ್ಟಿಗೆ ನಾಲ್ವರಿಗಷ್ಟೇ ಸಾಲುವುದರಿಂದ ಸದ್ಯಕ್ಕೆ ಬೇಡ.

ಕಳೆದ ಆಟಿ ತಿಂಗಳ ಮಳೆಗೆ ನಮ್ಮ ಮನೆಯ ಇಸ್ಪೀಟು ಕಟ್ಟು ಹಪ್ಪಳದಂತೆ ಬಾಗಿತ್ತು. ಆದ್ದರಿಂದ ಎಲೆಗಳಿಗೆ ಪ್ಲಾಸ್ಟಿಕ್ ಕವಚಗಳನ್ನೂ ಜೊತೆಗೇ ತರಿಸುವುದು ಒಳ್ಳೆಯದು. ಆಕ್ಷೇಪವಿರುವವರು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.