ಈ ಸಲ ಸಮುದ್ರ ನೋಡಿದೆ

ಮೈಸೂರು,
ಭಾನುವಾರ ಸಂಜೆ

ಪುಟ್ಟಿ,

ಫೋನಿನಲ್ಲಿ ಹೇಳೋಣ ಅಂದ್ರೆ ನೀನು "ಅಮ್ಮಾ, ಮೀಟಿಂಗು" ಅಂತೀಯ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಡಿಸೆಂಬರ್ ರಜೆಯಲ್ಲಿ ಪಾಪುವನ್ನು ಕರೆದುಕೊಂಡು ಚೆನ್ನೈಗೆ ಹೋಗ್ತೀವಿ ಅಂದೆಯಲ್ಲ, ಅಷ್ಟರೊಳಗೆ ಓದಿಕೋ.

ಮೊದಲೇ ಹೇಳಿಬಿಡುತ್ತೇನೆ. ಮೊನ್ನೆ ನಾನೂ ನಿಮ್ಮಪ್ಪನೂ ಚೆನ್ನೈಗೆ ಹೊರಟಾಗ ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿಯಲ್ಲಿ ಮೂರು ಮಾಲ್ ಇದ್ದವು. ಒಂದಕ್ಕೂ ಹೋಗಲಿಲ್ಲ. ಬೈಯಬೇಡ. ಮಾಲ್ ಮೈಸೂರಿನಲ್ಲೂ ಇದೆ. ಸಮುದ್ರ ಇಲ್ಲ.

ನಿನಗೆ ಆರು ವರ್ಷವಿದ್ದಾಗ ಒಂದು ಸಲ ಅಲ್ಲಿನ ಮರೀನಾ ಬೀಚಿಗೆ ಹೋಗಿದ್ದೆವು. ಆ ಸಲದ ಸಮುದ್ರ ನನಗೆ ನೆನಪೇ ಇಲ್ಲ ಕಣೇ. ನಿನ್ನ ಮಣಿಕಟ್ಟು ಮಾತ್ರ ನೆನಪಿದೆ. ನೀನು ನೀರಿನ ಕಡೆ ಎಳೆಯೋದು, ನಾನು ದಡದ ಕಡೆ ಎಳೆಯೋದು. ನಿನ್ನ ಕೆಂಪು ಗಾಜಿನ ಬಳೆ ಒಂದು ನನ್ನ ಹಿಡಿತಕ್ಕೇ ಒಡೆದುಹೋಗಿತ್ತು. ಊರಿಗೆ ಬಂದ ಮೇಲೆ ಯಾರಾದರೂ "ಸಮುದ್ರ ಹೇಗಿತ್ತು?" ಅಂತ ಕೇಳಿದರೆ "ದೊಡ್ಡದಾಗಿತ್ತು" ಅಂತ ಹೇಳಿ ಸುಮ್ನಾಗುತ್ತಿದ್ದೆ.

ಈ ಸಲ ಎರಡೂ ಕೈ ಖಾಲಿ. ಬೆಳಗ್ಗೆ ಐದೂವರೆಗೇ ನಿಮ್ಮಪ್ಪನನ್ನು ಎಬ್ಬಿಸಿಕೊಂಡು ಹೋದೆ. ಮಲ್ಪೆಯಲ್ಲಿ ಸೂರ್ಯ ನೀರಿಗೆ ಇಳಿಯುವುದನ್ನು ನೋಡಿದ್ದೆ. ಇಲ್ಲಿ ನೀರಿನಿಂದ ಎದ್ದು ಬರುತ್ತಾನೆ. ರಸ್ತೆಯಿಂದ ಅಲೆಯ ತನಕ ಮರಳಿನಲ್ಲಿ ನಡೆಯಲು ಏಳೆಂಟು ನಿಮಿಷ ಹಿಡಿಯಿತು. ಇಷ್ಟೊಂದು ಮರಳು ಎಲ್ಲಿಂದ ಬಂತು ಅಂದೆ. ನಿಮ್ಮಪ್ಪನಿಗೆ ಅಷ್ಟು ಸಾಕಲ್ವಾ, ಶುರು ಮಾಡಿದರು. ಮೊದಲು ಸಮುದ್ರ ರಸ್ತೆಯ ಹತ್ತಿರವೇ ಇತ್ತಂತೆ. ಬ್ರಿಟಿಷರು ಬಂದರು ಕಟ್ಟಲು ಸಮುದ್ರದೊಳಕ್ಕೆ ಕಲ್ಲಿನ ಗೋಡೆ ಹಾಕಿದರು. ದಕ್ಷಿಣದಿಂದ ದಡದ ಗುಂಟ ಹರಿದು ಬರುತ್ತಿದ್ದ ಮರಳು ಆ ಗೋಡೆಗೆ ತಡೆದು ಇತ್ತ ಕಡೆ ಗುಡ್ಡೆಯಾಯಿತು. ಆಮೇಲೆ 1884ರಲ್ಲಿ ಗವರ್ನರ್ ಗ್ರಾಂಟ್ ಡಫ್ ದಡದಲ್ಲಿ ವಾಕಿಂಗ್ ದಾರಿ ಮಾಡಿಸಿ ಮರೀನಾ ಅಂತ ಹೆಸರಿಟ್ಟರು. ಆದರೆ ಬಂದರಿನ ಆಚೆ, ರಾಯಪುರಂ ಕಡೆ, ಮರಳು ಸಿಗದೆ ದಡ ಕೊರೆದುಹೋಯಿತು. ಇಲ್ಲಿ ನಾವು ಆರಾಮಾಗಿ ಕೂತ ಮರಳು ಅಲ್ಲಿಯವರ ಪಾಲಿನದು ಅನ್ನಿಸಿ ಸ್ವಲ್ಪ ಹೊತ್ತು ಕಸಿವಿಸಿಯಾಯಿತು.

ನೀರಿಗೆ ಮಾತ್ರ ಇಳಿಯಬೇಡಿ. ಸ್ನಾನ ಮಾಡಬಾರದು ಅಂತ ಪೊಲೀಸರೇ ಬೋರ್ಡ್ ಹಾಕಿದ್ದಾರೆ. ಮೇಲೆ ಅಲೆ ದಡಕ್ಕೆ ಬರುತ್ತಿದ್ದರೂ ಕಾಲಡಿಯ ನೀರು ಹಿಂದಕ್ಕೆ ಎಳೆಯುತ್ತದೆ. ಪಾದದ ಕೆಳಗಿನ ಮರಳು ಜಾರುವುದು ಗೊತ್ತಾಗುತ್ತದೆ. ಅವತ್ತು ನಾನು ಸುಮ್ನೆ ಬಳೆ ಒಡೆದಿದ್ದಲ್ಲ.

ಸಂಜೆ ಮತ್ತೆ ಹೋದೆವು. ಬೆಳಗಿನ ಮರೀನಾ ಬೇರೆ, ಸಂಜೆಯದು ಬೇರೆ. ಸಂಜೆ ಜಾತ್ರೆ. ಕುದುರೆ, ಬಲೂನು, ಮೆಣಸಿನಕಾಯಿ ಬಜ್ಜಿ, ಮೀನು ಕರಿಯುವ ವಾಸನೆ. ಒಬ್ಬ ಹುಡುಗ ಪಾತ್ರೆ ಹಿಡಿದು "ತೇಂಗಾ ಮಾಂಗಾ ಪಟ್ಟಾಣಿ ಸುಂಡಲ್" ಅಂತ ಕೂಗಿಕೊಂಡು ಬಂದ. ನಮ್ಮ ಉಸಲಿಯೇ. ಒಣ ಬಟಾಣಿ ಬೇಯಿಸಿ, ತೆಂಗಿನಕಾಯಿ ಮತ್ತು ಮಾವಿನಕಾಯಿ ಚೂರು ಹಾಕಿರುತ್ತಾರೆ. ಎರಡು ಪೊಟ್ಟಣ ತಿಂದೆ. ನಿಮ್ಮಪ್ಪನಿಗೆ ಒಂದೇ ಅಂತ ಹೇಳಿದ್ದೇನೆ, ನೀನೂ ಹಾಗೇ ಹೇಳು.

ಮರೀನಾ ಎದುರಿಗೆ ಐಸ್ ಹೌಸ್ ಅಂತ ದುಂಡನೆಯ ಕಟ್ಟಡವಿದೆ, ಪಾಪುಗೆ ತೋರಿಸು. 1842ರಲ್ಲಿ ಕಟ್ಟಿದ್ದು. ಅಮೆರಿಕದ ಕೆರೆಗಳಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ಐಸನ್ನು ಕೊಯ್ದು, ಮರದ ಹೊಟ್ಟು ತುಂಬಿ, ಹಡಗಿನಲ್ಲಿ ತಂದು ಇಲ್ಲಿಡುತ್ತಿದ್ದರು. ಆ ಸೆಕೆಯಲ್ಲಿ ನಿಂತು ಇದನ್ನು ಕೇಳಿದಾಗ ಆ ದೊರೆಗಳ ಮೇಲೆ ನನಗೆ ಸ್ವಲ್ಪ ಕನಿಕರ ಬಂತು. 1897ರಲ್ಲಿ ವಿವೇಕಾನಂದರು ಇಲ್ಲಿ ಉಳಿದುಕೊಂಡಿದ್ದರು. ಈಗ ಅವರ ಹೆಸರಿನದೇ ಮ್ಯೂಸಿಯಂ.

ಎಗ್ಮೋರಿನ ದೊಡ್ಡ ಮ್ಯೂಸಿಯಮ್ಮಿಗೂ ಹೋದೆವು. ಕಂಚಿನ ವಿಗ್ರಹಗಳ ಕಟ್ಟಡ ಒಂದೇ ಸಾಕು, ಉಳಿದದ್ದಕ್ಕೆ ಕಾಲು ಬರುವುದಿಲ್ಲ.

ಮೈಲಾಪುರಕ್ಕೆ ಒಂದು ಪೂರ್ತಿ ಬೆಳಗ್ಗೆ ಇಟ್ಟುಕೋ. ಕಪಾಲೀಶ್ವರನ ದೊಡ್ಡ ಗೋಪುರ ಸುಮಾರು 120 ಅಡಿ. ಆದರೆ ನಾನು ಗೋಪುರಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದು ಬೀದಿಯಲ್ಲಿ. ನವರಾತ್ರಿ ಹತ್ತಿರ ಬಂದಿತ್ತು, ಉತ್ತರ ಮಾಡ ಬೀದಿಯ ಫುಟ್‌ಪಾತ್ ತುಂಬ ಗೊಂಬೆ. ಅವರ ಮರಪ್ಪಾಚಿ ಕೈಗೆತ್ತಿಕೊಂಡು ನೋಡಿದರೆ ನಮ್ಮ ಪಟ್ಟದ ಗೊಂಬೆಯೇ! ಅಂಗಡಿಯಾಕೆಗೆ ಕನ್ನಡ ಬಾರದು, ನನಗೆ ತಮಿಳು ಬಾರದು, ಅರ್ಧ ಗಂಟೆ ಮಾತಾಡಿದೆವು. ಪಾಪುಗೆ ಕ್ರಿಕೆಟ್ ಸೆಟ್ಟಿನ ಗೊಂಬೆ ತಂದಿದ್ದೇನೆ. ರೈಲಿನಲ್ಲಿ ವಿಕೆಟ್ ಕೀಪರನ ಕೈ ಮುರಿಯಿತು. ಫೆವಿಕಾಲ್ ಹಾಕಿಟ್ಟಿದ್ದೇನೆ.

ಟಿ. ನಗರದ ರಂಗನಾಥನ್ ಬೀದಿಗೆ ಭಾನುವಾರ ಹೋಗಬೇಡ. ಪಾಪುವನ್ನು ಕರೆದುಕೊಂಡಂತೂ ಬೇಡವೇ ಬೇಡ. ಅಲ್ಲಿ ನಾವು ನಡೆಯಬೇಕಿಲ್ಲ, ಜನವೇ ನಮ್ಮನ್ನು ಹೊತ್ತುಕೊಂಡು ಹೋಗುತ್ತದೆ. ಪಾಂಡಿ ಬಜಾರಿನಲ್ಲಿ ಫುಟ್‌ಪಾತ್ ಅಗಲವಾಗಿದೆ, ಬೆಂಚೂ ಇವೆ. ನಿಮ್ಮಪ್ಪನನ್ನು ಬೆಂಚಿನ ಮೇಲೆ ಕೂರಿಸಿ ನಾನು ಸೀರೆ ನೋಡಿದೆ.

ಕಾಂಚಿ ಸೀರೆ ಕೊಳ್ಳುವಾಗ ಒಡಲು ಮತ್ತು ಅಂಚು ಸೇರುವ ಕಡೆ ನೋಡು. ಕೊರ್ವೈ ಅನ್ನುತ್ತಾರೆ. ಅಂಚಿಗೆ ಬೇರೆ ಲಾಳಿ, ಒಡಲಿಗೆ ಬೇರೆ ಲಾಳಿ. ಕೈಮಗ್ಗದಲ್ಲಿ ಅದಕ್ಕೆ ಇಬ್ಬರು ಕೂರಬೇಕು. ಕೆಲವು ಸೀರೆಗಳಲ್ಲಿ ಎರಡು ಬಣ್ಣ ಸೇರುವ ಕಡೆ ಗರಗಸದ ಹಲ್ಲಿನ ಹಾಗೆ ಗೆರೆ ಕಾಣುತ್ತದೆ. ಇದನ್ನೆಲ್ಲ ಹೇಳಿಕೊಟ್ಟ ಅಂಗಡಿಯವರು ನಾವು ಮೈಸೂರಿನವರು ಅಂತ ಗೊತ್ತಾಗಿ ನಕ್ಕರು. "ನೂಲು ನಿಮ್ಮ ಕಡೆಯದೇ ಅಮ್ಮಾ, ಬರೀ ನೇಯ್ಗೆ ನಮ್ಮದು" ಅಂದರು. ನಮ್ಮ ಕಡೆಯ ನೂಲನ್ನು ನಾನು ಮತ್ತೆ ದುಡ್ಡು ಕೊಟ್ಟು ವಾಪಸ್ ತಂದೆ. ಮಾವಿನ ಚಿಗುರಿನ ಬಣ್ಣ, ನೇರಳೆ ಅಂಚು. ನಿನಗೇ.

ಒಬ್ಬ ಆಟೋದವನು ಎರಡು ಕಿಲೋಮೀಟರ್‌ಗೆ ಮುನ್ನೂರು ಕೇಳಿದ. ಆಮೇಲೆ ನಾನು ಬಸ್ಸು ಹಿಡಿದೆ. ಅಲ್ಲಿ 2021ರಿಂದಲೇ ಸಾಮಾನ್ಯ ಸಿಟಿ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲ, ನಮ್ಮಲ್ಲಿ ಬರುವ ಎರಡು ವರ್ಷ ಮೊದಲೇ. ನಿಮ್ಮಪ್ಪ ಟಿಕೆಟ್ ಕೊಂಡರು.

ಇನ್ನು ಊಟ. ತಿರುವಲ್ಲಿಕ್ಕೇಣಿಯ ರತ್ನಾ ಕೆಫೆಯಲ್ಲಿ ಇಡ್ಲಿ ತಟ್ಟೆಯಲ್ಲಿ ಕಾಣುವುದೇ ಇಲ್ಲ, ಸಾಂಬಾರಿನಲ್ಲಿ ಮುಳುಗಿರುತ್ತದೆ. ಬೆಲ್ಲವಿಲ್ಲದ ಸಾಂಬಾರು. ಮೊದಲ ತುತ್ತಿಗೆ ಏನೋ ಕಡಿಮೆ ಅನ್ನಿಸಿತು, ಮೂರನೆಯದಕ್ಕೆ ಮರೆತೇ ಹೋಯಿತು. ನೀವು ಹೋಗುವಾಗ ಸಂಗೀತ ಸಭೆಗಳ ಕಾಲ. ಕಛೇರಿ ಕೇಳದಿದ್ದರೂ ಪರವಾಗಿಲ್ಲ, ಸಭಾ ಕ್ಯಾಂಟೀನಿನಲ್ಲಿ ಎಲೆ ಊಟ ಮಾಡಿ. ಅದಕ್ಕೇ ಬರುವವರೂ ಇದ್ದಾರಂತೆ.

ನಿಮ್ಮಪ್ಪನ ಒಂದೇ ಆಸೆ ವುಡ್‌ಲ್ಯಾಂಡ್ಸ್ ಡ್ರೈವ್ ಇನ್. ಉಡುಪಿ ಕಡೆಯ ಕಡಂದಲೆಯಿಂದ ಬಂದ ಕೃಷ್ಣರಾಯರು 1962ರಲ್ಲಿ ಮರಗಳ ಮಧ್ಯೆ ಮಾಡಿದ ಹೋಟೆಲು. ಕಾರಿನ ಬಾಗಿಲಿಗೇ ಟ್ರೇ ಸಿಕ್ಕಿಸಿ ದೋಸೆ ಕೊಡುತ್ತಿದ್ದರು. ಇಂಟರ್‌ವ್ಯೂಗೆ ಅಂತ ಮದರಾಸಿಗೆ ಹೋದಾಗ ಇವರು ಅಲ್ಲಿ ನಡೆದುಕೊಂಡೇ ಹೋಗಿ ಕಾಫಿ ಕುಡಿದಿದ್ದರಂತೆ. ಅದು 2008ರಲ್ಲೇ ಮುಚ್ಚಿದೆ ಅಂತ ಅವರಿಗೂ ಗೊತ್ತು. ಆದರೂ ಹೋದೆವು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಅಂತ ಪಾರ್ಕ್. ಒಂದು ದೊಡ್ಡ ಮರದ ಕೆಳಗೆ ನಿಂತು "ಇಲ್ಲೇ ಇರಬೇಕು" ಅಂದರು. ನಾನು ಹೌದು ಅಂದೆ.

ಡಿಸೆಂಬರಿಗೆ ನಾನೂ ಬರುತ್ತೇನೆ. ರೂಮು ಬೇರೆ ಬೇಡ, ಪಾಪು ಪಕ್ಕ ಮಲಗುತ್ತೇನೆ. ಮರೀನಾದಲ್ಲಿ ಅವಳ ಕೈ ನಾನು ಹಿಡಿದುಕೊಳ್ಳುತ್ತೇನೆ. ನೀನು ಹೋಗಿ ಸಮುದ್ರ ನೋಡು.

ನಿನ್ನ ಅಮ್ಮ

ಮರೆತಿದ್ದೆ: ಮರೀನಾದ ಲೈಟ್‌ಹೌಸಿಗೆ ಲಿಫ್ಟ್ ಇದೆ, ಮೇಲಿನಿಂದ ದಡ ಪೂರ್ತಿ ಕಾಣುತ್ತದಂತೆ. ಸೋಮವಾರ ಮಾತ್ರ ಬಾಗಿಲು ಹಾಕಿರುತ್ತಾರೆ. ನಾವು ಹೋಗಿದ್ದು ಸೋಮವಾರ.