ಹಂಸಕ್ಕೆ ಹೈಬ್ರಿಡ್ ರೂಪವೂ ಬೇಕು

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಲಿರುವ, ಬ್ಯಾಟರಿಯಿಂದ ಹಾರುವ ಎರಡು ಆಸನಗಳ ತರಬೇತಿ ವಿಮಾನ ‘ಇ-ಹಂಸ’ದ ಯೋಜನೆ 2025ರಲ್ಲಿ ಪ್ರಕಟವಾದಾಗ ಪುಣೆಯಲ್ಲಿರುವ ನಮ್ಮಂಥ ಕನ್ನಡಿಗರಿಗೂ ಹೆಮ್ಮೆಯೆನಿಸಿತು. ಆದರೆ ಬರೀ ಬ್ಯಾಟರಿಯನ್ನು ನೆಚ್ಚಿಕೊಳ್ಳದೆ, ಎಂಜಿನ್ ಮತ್ತು ಬ್ಯಾಟರಿ ಎರಡನ್ನೂ ಬಳಸುವ ಹೈಬ್ರಿಡ್ ಹಂಸವನ್ನೂ ಜೊತೆಯಲ್ಲೇ ಕೈಗೆತ್ತಿಕೊಳ್ಳಬೇಕೆಂಬುದು ಎಂಜಿನ್ ದುರಸ್ತಿಯಲ್ಲೇ ಆಯುಷ್ಯ ಕಳೆದ ನನ್ನ ವಿನಂತಿ.

2020ರಲ್ಲಿ ಯುರೋಪಿನ ಮಾನ್ಯತೆ ಪಡೆದ ಮೊದಲ ಪೂರ್ಣ ವಿದ್ಯುತ್ ವಿಮಾನ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೊ ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 50 ನಿಮಿಷ ಹಾರುತ್ತದೆ. ರನ್‌ವೇ ಸುತ್ತ ಏರಿ ಇಳಿಯುವ ಅಭ್ಯಾಸಕ್ಕೆ ಅಷ್ಟು ಸಾಕು. ಆದರೆ ನಮ್ಮಲ್ಲಿ ವಾಣಿಜ್ಯ ಪೈಲಟ್ ಪರವಾನಗಿ ಬೇಕೆಂದರೆ 200 ಗಂಟೆಗಳ ಅನುಭವದ ಜೊತೆಗೆ, ಕನಿಷ್ಠ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿ.ಮೀ. ದೂರದ ಒಂದು ಹಾರಾಟವನ್ನೂ ಮಾಡಿರಬೇಕು. ಅಷ್ಟು ದೂರಕ್ಕೆ ಸಾಲುವಷ್ಟು ಬ್ಯಾಟರಿ ಹೇರಿದರೆ ಪುಟ್ಟ ವಿಮಾನ ನೆಲ ಬಿಟ್ಟು ಏಳುವುದೇ ಕಷ್ಟ. ಪೆಟ್ರೋಲಾದರೋ ಉರಿದಂತೆ ಹಗುರವಾಗುತ್ತದೆ. ಬರಿದಾದ ಬ್ಯಾಟರಿಯ ತೂಕ ಇಳಿಯುವಾಗಲೂ ಅಷ್ಟೇ ಇರುತ್ತದೆ.

ಎಂಜಿನ್ ಇಲ್ಲದ ವಿಮಾನಗಳನ್ನು (ಗ್ಲೈಡರ್) ಹಾರಿಸುವ, ಇಲ್ಲಿನ ಹಡಪ್ಸರ್‌ನ ಗ್ಲೈಡಿಂಗ್ ಕೇಂದ್ರದ ಬೇಲಿಯ ಬಳಿ ನಿಂತು ನಾನು ಎಷ್ಟೋ ಸಂಜೆ ನೋಡಿದ್ದೇನೆ. ನೆಲದ ಮೇಲಿನ ಎಳೆಯುವ ಯಂತ್ರ (ವಿಂಚ್) ಉಕ್ಕಿನ ಹಗ್ಗವನ್ನು ಸರ್ರನೆ ಸುತ್ತಿಕೊಳ್ಳುತ್ತಿದ್ದಂತೆ ಗ್ಲೈಡರ್ ಮೂಗೆತ್ತಿ ಕಡಿದಾಗಿ ಏರುತ್ತದೆ, ಹಗ್ಗ ಕಳಚಿದ ಮೇಲೆ ಸದ್ದಿಲ್ಲದೆ ತೇಲುತ್ತದೆ. ಹೆಚ್ಚಿನ ಬಲ ಬೇಕಾದದ್ದು ಏರುವಾಗ ಮಾತ್ರ. ಆ ಕೆಲವು ನಿಮಿಷಗಳ ಬಲವನ್ನು ಬ್ಯಾಟರಿ ಕೊಟ್ಟರೆ, ಉಳಿದ ದಾರಿಗೆ ಸಣ್ಣ ಎಂಜಿನ್ ಸಾಕಾಗುತ್ತದೆ. 2011ರಲ್ಲಿ ಹಾರಿದ ಡೈಮಂಡ್ ಇ-ಸ್ಟಾರ್‌ನಲ್ಲಿ ಪ್ರೊಪೆಲ್ಲರ್ ತಿರುಗಿಸಿದ್ದು 70 ಕಿಲೋವಾಟ್ ಮೋಟಾರು. ಅದರ 30 ಕಿಲೋವಾಟ್ ಎಂಜಿನ್‌ಗೆ ಜನರೇಟರ್ ಓಡಿಸುವುದಷ್ಟೇ ಕೆಲಸ. 2014ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಬೋಯಿಂಗ್ ನೆರವಿನಿಂದ ಹಾರಿಸಿದ ಒಂಟಿ ಆಸನದ ವಿಮಾನದಲ್ಲಿ ಎಂಜಿನ್ ಮತ್ತು ಮೋಟಾರು ಸೇರಿಯೇ ಪ್ರೊಪೆಲ್ಲರ್ ತಿರುಗಿಸಿದವು. ಇಂಧನದಲ್ಲಿ ಶೇ 30ರವರೆಗೆ ಉಳಿತಾಯ ಸಾಧ್ಯವೆಂದು ಅದು ತೋರಿಸಿತು.

ಎರಡು ವ್ಯವಸ್ಥೆಗಳಿದ್ದರೆ ತೂಕವೂ ದುರಸ್ತಿಯ ಕೆಲಸವೂ ಹೆಚ್ಚುತ್ತವೆ, ನಿಜ. ಆದರೂ ಕಲಿಯುವ ಹುಡುಗನೊಬ್ಬ ಒಂಟಿಯಾಗಿ ಹಾರುವಾಗ ಎಂಜಿನ್ ನಿಂತುಹೋದರೆ, ರನ್‌ವೇಗೆ ಮರಳುವಷ್ಟು ಹೊತ್ತು ಮೋಟಾರು ಕೈಹಿಡಿಯಬಲ್ಲದು ಎಂಬ ಒಂದೇ ಕಾರಣಕ್ಕೆ ನಾನು ಆ ಹೆಚ್ಚುವರಿ ಕೆಲಸವನ್ನು ಒಪ್ಪುತ್ತೇನೆ.

ಎನ್‌ಎಎಲ್ ಒಂದು ಹಂಸವನ್ನಾದರೂ ಈ ಪ್ರಯೋಗಕ್ಕೆ ಮೀಸಲಿಡಲಿ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲೇ ಹಾರಿಸಿ, ಬ್ಯಾಟರಿ ಎಷ್ಟು ಕಾಯುತ್ತದೆ, ಇಂಧನ ಎಷ್ಟು ಉಳಿಯುತ್ತದೆ ಎಂಬ ವಿವರಗಳನ್ನು ಪ್ರಕಟಿಸಲಿ.

— ನಿವೃತ್ತ ಎಂಜಿನ್ ಮೆಕ್ಯಾನಿಕ್, ಹಡಪ್ಸರ್, ಪುಣೆ